ಸೋಮಾರಿಗಳು ಏಳುವ ತನಕ

ಪಾತ್ರೆಯ ನಟ್ಟನಡುವೆ ಒಂದು ಗುಳ್ಳೆ ಎದ್ದಿತು, ಕಪ್ಪೆಯ ಗಂಟಲಿನಂತೆ ಉಬ್ಬಿ ಪ್ಳಕ್ ಎಂದು ಒಡೆದು ಮೊಣಕೈಗೆ ಹಾರಿತು, ಸುಡುತ್ತದೆ, ಸುಡಲಿ, ಅದೇ ಹೊತ್ತಿಗೆ ಪ್ಯಾಂಟಿನ ಜೇಬಿನಲ್ಲಿ ಫೋನು ಎರಡು ಸಲ ಗುರುಗುಟ್ಟಿ ಸುಮ್ಮನಾಯಿತು — ಒಂದು ಸಲ ಅಂದರೆ ಮೆಸೇಜು, ಉದ್ದಕ್ಕೆ ಹೊಡೆದುಕೊಂಡರೆ ಅಮ್ಮ, ಎರಡು ಸಲ ಅಂದರೆ ಮೇಲ್ — ಎರಡು ಸಲ, ಆದರೂ ಅವನು ಸೌಟು ನಿಲ್ಲಿಸಲಿಲ್ಲ, ನಿಲ್ಲಿಸುವಂತಿಲ್ಲ, ಜೋಳದ ಹಿಟ್ಟನ್ನು ಅರ್ಧ ನಿಮಿಷ ಬಿಟ್ಟರೆ ಗಂಟು ಕಟ್ಟುತ್ತದೆ, ಒಂದು ನಿಮಿಷ ಬಿಟ್ಟರೆ ತಳ ಹಿಡಿಯುತ್ತದೆ, ತಳ ಹಿಡಿದದ್ದನ್ನು ನೊಣ ಮೂಸಿಯೂ ನೋಡುವುದಿಲ್ಲ, ಹೌದು ಸ್ವಾಮಿ, ನೊಣಕ್ಕೂ ನಾಲಿಗೆ ಇದೆ, ಈ ಲ್ಯಾಬಿನಲ್ಲಿ ಯಾರಿಗಾದರೂ ಮಾನ ಮರ್ಯಾದೆ ಅಂತ ಇದ್ದರೆ ಅದು ನೊಣಗಳಿಗೆ, ಹತ್ತು ಸಾವಿರ ಹಣ್ಣಿನ ನೊಣಗಳಿಗೆ ವಾರಕ್ಕೆ ಎರಡು ಸಲ ಬಿಸಿ ಅಡುಗೆ, ಹಿಟ್ಟು, ಸಕ್ಕರೆ, ಯೀಸ್ಟು, ಗಟ್ಟಿಯಾಗಲಿ ಅಂತ ಅಗರ್ ಪುಡಿ, ಬೂಸ್ಟು ಹಿಡಿಯದಿರಲಿ ಅಂತ ಕೊನೆಗೆ ಮೂಗು ಕಿತ್ತುಹೋಗುವ ಆ ಹುಳಿ ನಾತದ ಆಸಿಡ್ಡು, ಅಡುಗೆಭಟ್ಟ ಅವನು, ಒಂಬತ್ತನೇ ಕ್ಲಾಸಿಗೆ ಶಾಲೆಗೆ ನಮಸ್ಕಾರ ಹೊಡೆದವನಿಗೆ ಇದಕ್ಕಿಂತ ದೊಡ್ಡ ವಿಜ್ಞಾನ ಇನ್ನೇನು ಸಿಗುತ್ತದೆ, ಅಕ್ಕ ಸೇರಿಸಿದ ಕೆಲಸ, ಜೇಬಿಗೆ ಬಂದ ಮೇಲ್ ಕೂಡ ಅಕ್ಕನದೇ. ಫೋನು ಅವನದು, ಮೇಲ್ ಅಕ್ಕನದು. ಅರ್ಜಿ ಹಾಕುವ ವಾರ ಅವಳ ಫೋನು ಒಡೆದಿತ್ತು, ಇವನ ಫೋನಿನಲ್ಲೇ ಏಳೂ ಅರ್ಜಿ ತುಂಬಿದಳು, ಜೀವಶಾಸ್ತ್ರದ ಪಿಎಚ್‌ಡಿಗೆ ಏಳು ಯೂನಿವರ್ಸಿಟಿ, ಆಮೇಲೆ ಹೊಸ ಫೋನು ಬಂದರೂ ಮೇಲನ್ನು ಇಲ್ಲಿಂದ ತೆಗೆಯಲಿಲ್ಲ, ಇರ್ಲಿ ಬಿಡೋ, ನೀನೇ ನೋಡು, ಬಂದ್ರೆ ಹೇಳು, ನಂಗೆ ಅದನ್ನ ತೆಗೆದು ನೋಡೋಕೆ ಆಗಲ್ಲ, ಕೈ ನಡುಗುತ್ತೆ, ನೊಣ ಎಣಿಸೋಕೆ ಬೇಕು ನಂಗೆ ಈ ಕೈ. ಆರು ಬಂದು ಹೋದವು. ಆರನ್ನೂ ಅವನೇ ಹೋಗಿ ಹೇಳಿದ. ಈಗ ಜೇಬಿನಲ್ಲಿರುವುದು ಏಳನೆಯದು.

ಆಮೇಲೆ ನೋಡಿದರಾಯಿತು, ಮೊದಲು ಗಂಜಿ ಸುರಿಯಬೇಕು, ನೂರಿಪ್ಪತ್ತು ಬಾಟಲಿ ಬಾಯಿ ಬಿಟ್ಟುಕೊಂಡು ಸಾಲಾಗಿ ನಿಂತಿವೆ ಹಕ್ಕಿಮರಿಗಳ ಹಾಗೆ, ಯಾವುದಾದರೂ ಬ್ಯಾಂಕಿನ ಜಾಹೀರಾತೂ ಇರಬಹುದು ಆ ಮೇಲು, ಇರಬಹುದಪ್ಪಾ, ಮೂರನೆಯದು ಬಂದ ದಿನವೂ ಹೀಗೇ ಅಂದುಕೊಂಡಿದ್ದ, ಇಂಗ್ಲಿಷು ಅವನಿಗೆ ಅಷ್ಟಕ್ಕಷ್ಟೇ ಆದರೆ ಎರಡನೇ ಸಾಲಿನಲ್ಲಿ ಬರುವ ಆ ಉದ್ದನೆಯ ಪದದ ಗುರುತು ಸಿಕ್ಕಿಬಿಟ್ಟಿದೆ, ಅನ್‌ಫಾರ್ಚುನೇಟ್ಲಿ, ಅಂದರೆ ಸೀಟಿಲ್ಲ, ಮುಂದೆ ಓದುವುದೇ ಬೇಡ, ಬೀದಿಯ ಆ ತುದಿಯಲ್ಲಿ ಬರುತ್ತಿರುವ ಸಾಲ ಕೊಟ್ಟವನ ನಡಿಗೆ ತಿಳಿದ ಹಾಗೆ ತಿಳಿದುಬಿಡುತ್ತದೆ, ಎಷ್ಟು ನಯ, ಎಷ್ಟು ಬೆಣ್ಣೆ, ನಿಮ್ಮ ಮುಂದಿನ ದಾರಿಗೆ ಶುಭವಾಗಲಿ ಅಂತೆ, ಯಾವ ದಾರಿ ಅಂತ ಹೇಳ್ರೋ ಬಡ್ಡಿಮಕ್ಕಳಾ, ದಾರಿ ಇದ್ದಿದ್ದರೆ ನಿಮ್ಮ ಬಾಗಿಲಿಗೆ ಯಾಕೆ ಬರುತ್ತಿದ್ದಳು, ಈ ತಿಂಗಳ ಕೊನೆಗೆ ಪ್ರಾಜೆಕ್ಟು ಮುಗಿಯಿತು, ಪ್ರಾಜೆಕ್ಟು ಮುಗಿದರೆ ಅವಳ ಕುರ್ಚಿಯೂ ಮುಗಿಯಿತು, ಆಮೇಲೆ ಅಮ್ಮನ ಪಕ್ಕ ಹೊಲಿಗೆ ಅಂಗಡಿಯಲ್ಲಿ ಕೂತು ಕಂಡವರ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಅಮ್ಮ ಆಗಲೇ ಇನ್ನೊಂದು ಮಿಷಿನ್ನಿಗೆ ಜಾಗ ಮಾಡಿದ್ದಾಳೆ, ಬಾಯಿಬಿಟ್ಟು ಹೇಳಿಲ್ಲ, ಕಟ್ಟಿಗೆಯ ಸ್ಟೂಲು ಸರಿಸಿದ್ದಾಳೆ ಅಷ್ಟೆ. ಓದಿ ಓದಿ ನನ್ನ ಮಗಳು ಕೊನೆಗೆ ನೊಣ ಹೊಡೀತಾ ಕೂತಳಲ್ಲೋ ಅಂತ ಮೊದಲ ವರ್ಷ ನಕ್ಕಿದ್ದೇ ನಕ್ಕಿದ್ದು ಅಮ್ಮ. ಅಕ್ಕ ಅಂದಳು, ಹೊಡೆಯಲ್ಲಮ್ಮ, ಮಲಗಿಸ್ತೀನಿ.

ಮಲಗಿಸುವುದು — ಅದನ್ನು ನೋಡಬೇಕು. ಗ್ಯಾಸು ಬಿಟ್ಟರೆ ನೊಣಗಳೆಲ್ಲ ಬಿಳಿ ಹಲಗೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಬಿದ್ದುಕೊಳ್ಳುತ್ತವೆ, ಅಕ್ಕ ಸಣ್ಣ ಕುಂಚದಿಂದ ಒಂದೊಂದನ್ನೇ ಸರಿಸುತ್ತಾಳೆ, ಇದು ಗಂಡು, ಇದು ಹೆಣ್ಣು, ಇದರ ರೆಕ್ಕೆ ಮುದುರಿದೆ, ಮಗುವಿನ ಹಣೆಗೂದಲು ಸರಿಸುವ ಹಾಗೆ, ಆಮೇಲೆ ಬಾಟಲಿಗೆ ಹಾಕಿ ಬಾಟಲಿಯನ್ನು ಅಡ್ಡ ಮಲಗಿಸುತ್ತಾಳೆ, ಮೊದಲ ದಿನ ಇವನು ನೆಟ್ಟಗೆ ನಿಲ್ಲಿಸಿಬಿಟ್ಟಿದ್ದ, ಅಯ್ಯೋ ನಿಲ್ಲಿಸಬೇಡ ಕಣೋ, ನಿದ್ದೇಲಿ ಗಂಜಿ ಮೇಲೆ ಬಿದ್ರೆ ರೆಕ್ಕೆ ಅಂಟ್ಕೊಳುತ್ತೆ, ಏಳೋಕಾಗಲ್ಲ, ಅಲ್ಲೇ ಸಾಯುತ್ತೆ, ಎಲ್ಲ ಎದ್ದ ಮೇಲೆ ನಿಲ್ಲಿಸು. ಹಾಗೆ ಅಡ್ಡ ಮಲಗಿದ ಬಾಟಲಿಗಳ ನಡುವೆ ಕಸ ಗುಡಿಸುತ್ತ ಅವನೇ ಮೊದಲು ನೋಡಿದ್ದು, ನಲವತ್ತೊಂದನೇ ನಂಬರಿನ ತಳಿಯವು ಎಲ್ಲಕ್ಕಿಂತ ಹಿಂದೆ, ಪಕ್ಕದ ಬಾಟಲಿಯವು ಎದ್ದು ಮುಖ ಒರೆಸಿಕೊಂಡು ಗೋಡೆ ಹತ್ತುತ್ತಿದ್ದರೆ ಇವು ಬೆನ್ನ ಮೇಲೆ ಅಂಗಾತ, ಒಂದು ಕಾಲು ಮಾತ್ರ ಮೇಲೆತ್ತಿ, ಕೂದಲಿಗಿಂತ ಸಣ್ಣ ಕಾಲು, ನಡುಗುತ್ತ. ನಿನ್ನ ನಲವತ್ತೊಂದನೇ ನಂಬರಿನವು ಶುದ್ಧ ಸೋಮಾರಿಗಳು ಅಕ್ಕಾ, ನನ್ನ ವಂಶ. ಅವಳು ನಗಲಿಲ್ಲ. ಕುಂಚ ಕೆಳಗಿಟ್ಟಳು. ಏನಂದೆ, ಇನ್ನೊಂದ್ಸಲ ಹೇಳು. ಏಳು ತಿಂಗಳು ಗಡಿಯಾರ ಹಿಡಿದು ಕೂತಳು, ಊಟ ಮರೆತಳು, ಬೇರೆಯವು ಎರಡು ನಿಮಿಷಕ್ಕೆ ಎದ್ದರೆ ಇವಕ್ಕೆ ಆರು ಬೇಕು, ಅಮ್ಮ ನೊಣಕ್ಕೂ ಆರು, ಮಗಳಿಗೂ ಆರು, ಮೊಮ್ಮಗಳಿಗೂ ಆರು, ಯಾಕೆ ಅಂತ ಗೊತ್ತಾಗಬೇಕು ಕಣೋ, ಇವುಗಳ ಒಳಗೆ ಏನೋ ಒಂದು ಸಣ್ಣದು ಬೇರೆ ಥರ ಇದೆ, ಆಪರೇಷನ್ನಿಗೆ ಅಂತ ಮನುಷ್ಯರನ್ನ ಮಲಗಿಸ್ತಾರಲ್ಲ, ಕೆಲವರು ಬೇಗ ಏಳಲ್ಲ, ಅದಕ್ಕೂ ಇದಕ್ಕೂ ಏನೋ ಸಂಬಂಧ ಇದೆ ಅಂತ ಅವಳು ಹೇಳುತ್ತಿದ್ದರೆ ಅವನಿಗೆ ಅರ್ಧ ತಿಳಿಯುತ್ತಿರಲಿಲ್ಲ, ಆದರೆ ಅವಳ ಮುಖ ನೋಡಿದರೆ ಸಾಕಾಗಿತ್ತು. ಆ ಯಾಕೆಯನ್ನು ಹುಡುಕುವುದಕ್ಕೇ ಈ ಏಳು ಅರ್ಜಿ.

ಮತ್ತೆ ಆ ಪತ್ರ, ಬೇಡ, ಅದರ ಹತ್ತಿರ ಹೋಗಬೇಡ, ತಿರುವು, ತಿರುವು, ಹೋಗದಿದ್ದರೆ ಬಿಡುತ್ತದೆಯೇ, ತಳದ ಗಂಟಿನ ಹಾಗೆ ಸೌಟಿಗೆ ತಾಗುತ್ತಲೇ ಇರುತ್ತದೆ. ಅರ್ಜಿಯ ಜೊತೆ ಲ್ಯಾಬಿನ ದೊಡ್ಡ ಸಾರ್ ಒಂದು ಶಿಫಾರಸು ಪತ್ರ ಕೊಡಬೇಕು, ಈ ಹುಡುಗಿ ಎಂಥವಳು ಅಂತ, ಸಾರ್‌ಗೆ ಪುರುಸೊತ್ತೆಲ್ಲಿ, ನೀನೇ ಬರೆದು ತಾಮ್ಮಾ, ನನ್ನ ಹೆಸರಲ್ಲಿ ಕಳಿಸ್ತೀನಿ, ಎಲ್ಲರೂ ಹಾಗೇ ಮಾಡೋದು. ಇದೇ ಅಡುಗೆಕೋಣೆ, ಇದೇ ಒಲೆ, ಅಕ್ಕ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಮಡಿಲಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು, ನನ್ನನ್ನ ನಾನೇ ಹೇಗೋ ಹೊಗಳಿಕೊಳ್ಳಲಿ, ನಾಚಿಕೆ ಆಗಲ್ವಾ, ನೀನಾದ್ರೆ ಏನಂತ ಹೇಳ್ತಿದ್ದೆ ಹೇಳು, ಅವತ್ತು ಅವನ ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು, ಸಾರ್ ಬಾಗಿಲಲ್ಲಿ ನಿಂತು ಬಾಟಲಿ ತಡ ಆಯ್ತಲ್ಲೋ ಎಂದು ಎಲ್ಲರೆದುರು ಗದರಿಸಿ ಹೋಗಿದ್ದರು, ಅವನ ಮೂಗಿನ ತುದಿಯಲ್ಲಿ ಸಿಟ್ಟು ಇತ್ತು, ಯಾವಾಗಲೂ ಅಲ್ಲೇ ಇರುತ್ತದೆ, ಅದೇ ಸಿಟ್ಟಿಗೆ ಮೇಷ್ಟ್ರು ಎಸೆದ ಡಸ್ಟರನ್ನು ಮೇಷ್ಟ್ರಿಗೇ ಎಸೆದು ಶಾಲೆ ಬಿಟ್ಟವನು, ಅವನು ಅಂದ — ಏನಂತ ಬರೀತೀಯಾ, ಹೊತ್ತಿಗೆ ಸರಿಯಾಗಿ ಬರ್ತಾಳೆ, ಬಾಟಲಿ ಒಡೆಯಲ್ಲ, ದೊಡ್ಡೋರಿಗೆ ಎದುರು ಮಾತಾಡಲ್ಲ ಅಂತ ಬರಿ, ಅವರಿಗೆ ಬೇಕಾಗಿರೋದು ಅಂಥವರೇ. ಅಕ್ಕ ನಕ್ಕಳು. ಟಕಟಕ ಕುಟ್ಟಿದಳು. ಅವಳೂ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ. ನಾಲ್ಕನೇ ಸಲ ಇಲ್ಲ ಅಂತ ಬಂದ ದಿನ ಇದೇ ಫೋನಿನಲ್ಲಿ ಹಳೆಯ ಮೇಲುಗಳನ್ನು ಕೆದಕುತ್ತ ಹೋದರೆ ಆ ಪತ್ರ ಸಿಕ್ಕಿತು, ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸುವ ಆ್ಯಪಿಗೆ ಹಾಕಿದ, ಫೋನು ಉತ್ತರ ಕೊಟ್ಟಿತು, ಈಕೆ ಸಮಯಕ್ಕೆ ಸರಿಯಾಗಿ ಬರುತ್ತಾಳೆ, ಗಾಜಿನ ಸಾಮಾನುಗಳನ್ನು ಜೋಪಾನವಾಗಿ ನೋಡಿಕೊಳ್ಳುತ್ತಾಳೆ, ಹಿರಿಯರೊಂದಿಗೆ ವಿನಯದಿಂದ ನಡೆದುಕೊಳ್ಳುತ್ತಾಳೆ. ಮೂರೇ ಮಾತು, ಅವನವೇ ಮೂರು ಮಾತು, ಸ್ನಾನ ಮಾಡಿಸಿ ಒಗೆದ ಬಟ್ಟೆ ತೊಡಿಸಿದ್ದಳು ಅಷ್ಟೆ. ಸೋಮಾರಿಗಳ ಸುದ್ದಿ ಇಲ್ಲ, ಏಳು ತಿಂಗಳು ಇಲ್ಲ, ಗಡಿಯಾರ ಇಲ್ಲ. ಸಾರ್ ಒಂದು ಅಕ್ಷರ ತಿದ್ದಲಿಲ್ಲ, ಓದಿದ್ದರೆ ತಾನೇ ತಿದ್ದುವುದು, ಏಳು ಕಡೆಗೂ ಕಳಿಸಿ ಕೈ ತೊಳೆದುಕೊಂಡರು. ಅಕ್ಕನ ಪಕ್ಕದ ಮೇಜಿನ ಕನ್ನಡಕದವನು, ಎರಡು ಕಡೆ ಸೀಟು ಗಿಟ್ಟಿಸಿದವನು, ತನ್ನ ಪತ್ರದಲ್ಲಿ ತಾನೇ ಬರೆದುಕೊಂಡಿದ್ದ, ಹತ್ತು ವರ್ಷದಲ್ಲಿ ಇಂಥ ಹುಡುಗನನ್ನು ನಾನು ಕಂಡಿಲ್ಲ ಎಂದು, ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ. ಅವನಿಗೆ ನಲವತ್ತೊಂದಕ್ಕೂ ನಲವತ್ತೆರಡಕ್ಕೂ ವ್ಯತ್ಯಾಸ ಗೊತ್ತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಅಮ್ಮ ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಿರುತ್ತಾಳೆ, ಕೇಳಿ ಕೇಳಿ ಕಿವಿ ತೂತಾಗಿದೆ. ಪತ್ರದ ಬಗ್ಗೆ ಅಕ್ಕನನ್ನು ಒಮ್ಮೆ ಬಾಯಿಬಿಟ್ಟು ಕೇಳಿದ್ದ, ಅಲ್ಲ, ಅದನ್ನೇ ಬರೆದುಬಿಟ್ಟೆಯಾ? ಅವಳಂದಳು, ಚೆನ್ನಾಗೇ ಹೇಳಿದ್ದೆಯಲ್ಲೋ, ನಂಗೆ ಅಷ್ಟೂ ಹೊಳೆದಿರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

ಗಂಜಿ ಹದಕ್ಕೆ ಬಂತು, ಒಲೆ ಆರಿಸಿದ, ಆಸಿಡ್ಡು ಸುರಿದ, ಕಣ್ಣು ಉರಿಯಿತು, ಕಣ್ಣು ಉರಿಯುವುದಕ್ಕೆ ಒಂದು ಕಾರಣವಾದರೂ ಸಿಕ್ಕಿತು, ಜಗ್ಗಿನಲ್ಲಿ ತುಂಬಿ ಬಾಟಲಿಗೆ ಹುಯ್ಯುತ್ತ ಹೋದ, ಎರಡು ಬೆರಳು, ಎರಡು ಬೆರಳು, ಅಳತೆ ತಪ್ಪದ ಹಾಗೆ, ನೂರಿಪ್ಪತ್ತನೆಯದು ತುಂಬಿದ ಮೇಲೆ ಇನ್ನು ನೆಪ ಉಳಿಯಲಿಲ್ಲ. ಅಂಟು ಕೈಯಿಂದಲೇ ಫೋನು ತೆಗೆದ. ಬ್ಯಾಂಕಲ್ಲ. ಎರಡನೇ ಸಾಲು. ಅದೇ ಉದ್ದನೆಯ ಪದ, ಅದೇ ನಡಿಗೆ. ಪರದೆಯ ಮೇಲೆ ಹೆಬ್ಬೆಟ್ಟಿನ ಗಂಜಿ ಅಂಟಿ ಅಕ್ಷರಗಳು ಮಸುಕಾದವು, ಒರೆಸಿದರೆ ಇನ್ನಷ್ಟು ಹರಡಿತು, ಒರೆಸುತ್ತಲೇ ಇದ್ದ, ಬಾಗಿಲು ಕಿರುಗುಟ್ಟಿತು, ಅಕ್ಕ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಒಂದೇ ಬಾಟಲಿ ಅಡ್ಡ ಮಲಗಿದೆ, ಬಾರೋ ಇಲ್ಲಿ, ಬೆಳಕಿಗೆ ಬಾ, ಇದನ್ನ ನೋಡು, ನಲವತ್ತೊಂದರವು ಎಲ್ಲ ಎದ್ವು, ಇದೊಂದು ಹತ್ತು ನಿಮಿಷ ಆದ್ರೂ ಎದ್ದಿಲ್ಲ, ಇಷ್ಟು ಹೊತ್ತು ಯಾವುದೂ ತಗೊಂಡಿರಲಿಲ್ಲ. ಅವಳ ಕಣ್ಣು ಬಾಟಲಿಯ ಮೇಲೆ, ಅವನು ಫೋನನ್ನು ಬೆನ್ನ ಹಿಂದೆ ಹಿಡಿದ, ಆರು ಸಲ ಹೇಳಿದ ಬಾಯಿ ಇದು, ಏಳನೆಯದೂ ಅಷ್ಟೇ ಅಕ್ಕಾ, ನನ್ನ ಮಾತು ನಿನ್ನ ತಲೆ ಮೇಲೆ ಕಲ್ಲಾಯಿತು ಅಂತ ಹೇಳು, ಹೇಳೋ ಹೇಳು, ನಾಲಿಗೆ ಗಂಜಿಯಲ್ಲಿ ಹೂತುಹೋಗಿದೆ. ಸತ್ತಿರಬೇಕು ಅಂದ. ಇಲ್ಲ ಕಣೋ, ನೋಡು, ಕಾಲು. ಬಾಟಲಿ ನಿಲ್ಲಿಸ್ಲಾ ಅಂದ. ಬೇಡ ಬೇಡ, ನಿಲ್ಲಿಸಿದ್ರೆ ಮುಗೀತು, ಇನ್ನೊಂಚೂರು ಕಾಯೋಣ. ಬಗ್ಗಿ ನೋಡಿದ, ಗಾಜಿನ ಆ ಕಡೆ ಅಂಗಾತ ಬಿದ್ದ ಸಣ್ಣದು, ಮೇಲೆತ್ತಿದ ಒಂದು ಕಾಲು, ಕೂದಲಿಗಿಂತ ಸಣ್ಣದು, ಅಲುಗಿತು, ನಿಂತಿತು, ಅವನ ಉಸಿರಿಗೆ ಗಾಜು ಮಂಜಾಯಿತು, ಅಕ್ಕ ತೋಳಿನಿಂದ ಒರೆಸಿದಳು, ಕಾಲು ಮೇಲೇ ಇದೆ, ಅಲುಗಿತೇ, ಇಲ್ಲ, ಅಲುಗಿತೇ, ಕಾಲು, ಮೇಲೆತ್ತಿದ ಆ ಕಾಲು —