ಮರೆಪ್ಪನ ಹದಿನೈದು ದಿನ

ಸುಳ್ಳು ಹೇಳುವವರನ್ನು ಮರೆಪ್ಪ ಗೋಡೆ ತಟ್ಟಿಯೇ ಹಿಡಿಯುತ್ತಿದ್ದ. ಯಾದಗಿರಿ ಕಡೆಯಿಂದ ಮುಂಬಯಿಗೆ ಬಂದು ಇಪ್ಪತ್ತೆಂಟು ವರ್ಷ, ಸೋರುವ ಕಟ್ಟಡಗಳಿಗೆ ವಾಟರ್‌ಪ್ರೂಫಿಂಗ್ ಮಾಡುವುದು ಅವನ ಕಸುಬು. ಘಾಟ್ಕೋಪರಿನ ಹೌಸಿಂಗ್ ಸೊಸೈಟಿಯವರು ನಾಲ್ಕು ದಿನದಿಂದ ಸ್ವಲ್ಪ ತೇವ ಕಾಣುತ್ತಿದೆ ಎನ್ನುವರು. ನಾಲ್ಕು ದಿನವಂತೆ! ಒಳಗಿನ ಸರಳು ತುಕ್ಕು ಹಿಡಿದು ಎರಡು ಮಳೆಗಾಲ ಕಳೆದಿರುತ್ತಿತ್ತು. ಇಂಥ ಬೆರಕಿ ಮನುಷ್ಯ ತನ್ನ ಗಂಟಲಿನ ವಿಷಯಕ್ಕೆ ಬಂದಾಗ ಮಾಡಿದ್ದೇನು ಅಂತೀರಿ? ಅದೇ ಸುಳ್ಳನ್ನೇ ಹೇಳಿದ.

ದನಿ ಒಡೆದದ್ದು ಗಣಪತಿ ಹಬ್ಬದ ಹೊತ್ತಿಗೆ. ಸಿಮೆಂಟಿನ ಧೂಳು ಅಂದುಕೊಂಡ. ಹೆಂಡತಿ ಇಂದ್ರಾಬಾಯಿ ಶುಂಠಿ ಕಷಾಯ ಕುಡಿಸಿದಳು, ಅರಿಶಿನದ ಹಾಲು ಕುಡಿಸಿದಳು. ಕುಡಿದು ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದ. ದಿನಕ್ಕೆ ಒಂದೂವರೆ ಕಟ್ಟು, ಅದರಲ್ಲಿ ಮಾತ್ರ ಒಂದು ದಿನವೂ ತಪ್ಪಿದವನಲ್ಲ.

ಔಷಧದಂಗಡಿಯಲ್ಲಿ ಕೆಲಸ ಮಾಡುವ ಮಗಳು ಲಾವಣ್ಯಾ ಕಾಡಿ ಬೇಡಿ ಅವನನ್ನು ಜೋಗೇಶ್ವರಿ ಸ್ಟೇಷನ್ ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದಾಗ ಹೋಳಿ ಮುಗಿದಿತ್ತು. ಮಳೆಗೆ ಮುಂಚಿನ ಮೂರು ತಿಂಗಳೇ ಅವನ ಸುಗ್ಗಿ. ನಿಜ ಹೇಳಿದರೆ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಾರು, ಒಪ್ಪಿಕೊಂಡ ಟೆರೇಸುಗಳ ಗತಿ ಏನು? ಮಗಳು ಹೊರಗೆ ಕೂತಿದ್ದಳು. ಒಳಗೆ ಇವನು ಹದಿನೈದು ದಿನವಾಯಿತು ಎಂದ, ಬೀಡಿ ಮುಟ್ಟುವುದೇ ಇಲ್ಲ ಎಂದ. ಹದಿನೈದು ದಿನದ ಗಂಟಲಿಗೆ ಯಾವ ಡಾಕ್ಟರಾದರೂ ಏನು ಕೊಡುತ್ತಾನೆ? ಗುಳಿಗೆ ಕೊಟ್ಟು, ಎರಡು ವಾರದಲ್ಲಿ ದನಿ ಸರಿಹೋಗದಿದ್ದರೆ ತಪ್ಪದೆ ಬಾ ಎಂದರು. ಇವನು ಹೋಗಲಿಲ್ಲ.

ಜೂನಿನಲ್ಲಿ ರೊಟ್ಟಿ ನುಂಗುವುದು ಕಷ್ಟವಾಯಿತು. ಬಲಗಿವಿಯೊಳಗೂ ನೋವು ಶುರುವಾಯಿತು. ಆಗ ಮೂವರೂ ವಡಾಲದ ಒಂದು ಆಸ್ಪತ್ರೆಗೆ ಹೋದರು. ಅಲ್ಲಿನ ಗಂಟಲಿನ ಡಾಕ್ಟರು ಧಾತ್ರಿ, ಮೈಸೂರಿನವರು. ಕನ್ನಡ ಕೇಳಿ ಇಂದ್ರಾಬಾಯಿಗೆ ಅರ್ಧ ಜೀವ ಬಂದಂತಾಯಿತು.

ಡಾಕ್ಟರು ಅವನ ಮೂಗಿನಿಂದ ಸಣ್ಣ ಕ್ಯಾಮೆರಾದ ನಳಿಕೆ ಇಳಿಸಿ, "ಈ ಅನ್ನಿ" ಎಂದರು. ಪರದೆಯ ಮೇಲೆ ಎರಡು ಧ್ವನಿತಂತುಗಳು ಕಂಡವು. ಎಡಗಡೆಯದು ಸರಿದು ನಡುವಿಗೆ ಬಂತು. ಬಲಗಡೆಯದರ ಮೇಲೆ ಬಿಳಿ ಬಿಳಿ ಗಂಟು, ಅದು ಅಲ್ಲಾಡಲೇ ಇಲ್ಲ.

ಅವರು ಜೋಗೇಶ್ವರಿ ಕ್ಲಿನಿಕ್ಕಿನ ಹಳೆಯ ಚೀಟಿ ತಿರುವಿದರು. "ಇದರಲ್ಲಿ ಹದಿನೈದು ದಿನ ಅಂತಿದೆ. ಬೀಡಿ ಅಭ್ಯಾಸ ಇಲ್ಲ ಅಂತಲೂ ಇದೆ."

ಸುಳ್ಳು ಹೇಳಿದಿರಾ ಎಂಬಂತೆ ಲಾವಣ್ಯಾ ಅಪ್ಪನ ಮುಖ ನೋಡಿದಳು. "ಪಪ್ಪಾ, ಆಪ್‌ನೇ ಝೂಠ್ ಬೋಲಾ?"

ಮರೆಪ್ಪ ತಲೆ ತಗ್ಗಿಸಿದ. "ಹತ್ತ್ ತಿಂಗಳಾತ್ರಿ ಮೇಡಮ್. ಬೀಡಿ ಸಣ್ಣಾಂವ ಇದ್ದಾಗಿಂದ ಸೇದ್ತೀನ್ರಿ."

ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾಯಿತು, ಸ್ಕ್ಯಾನೂ ಆಯಿತು. ಮುಂದಿನ ವಾರ ಡಾಕ್ಟರು ಕ್ಯಾನ್ಸರ್ ಎಂದು ನೇರವಾಗಿ ಹೇಳಿ, ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು.

"ಹೊಗೆ ದಿನಾ ತಾಗಿ ಗಂಟಲಿನ ಒಳಪದರದ ಜೀವಕೋಶ ಕೆಡುತ್ತೆ. ದೇಹ ರಿಪೇರಿ ಮಾಡ್ಕೊಂಡೇ ಬರುತ್ತೆ. ಎಷ್ಟೋ ವರ್ಷ ಆದ್ಮೇಲೆ ಯಾವುದೋ ಒಂದು ಕೋಶದಲ್ಲಿ ರಿಪೇರಿ ತಪ್ಪುತ್ತೆ. ಬೆಳೆಯೋದನ್ನ ಎಲ್ಲಿ ನಿಲ್ಲಿಸಬೇಕು ಅಂತ ಅದಕ್ಕೆ ಗೊತ್ತಾಗಲ್ಲ. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಮೊದಲು ಮೇಲ್ಪದರದಲ್ಲೇ ಇರುತ್ತೆ. ಕೆಳಗೊಂದು ತೆಳ್ಳನೆ ಪೊರೆ ಇದೆ, ಅದೇ ತಡೆ."

"ದಾಟ್ಯದೇನ್ರಿ?" ಸೋರಿಕೆ ತಡೆಯುವ ಕಸುಬಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ದಾಟಿದೆ. ಸ್ನಾಯುವಿಗೆ ಇಳಿದಿದೆ, ಅದಕ್ಕೇ ಆ ತಂತು ಅಲ್ಲಾಡ್ತಿಲ್ಲ. ಗಂಟಲಿನ ಮುಂಭಾಗದ ಮೃದು ಎಲುಬನ್ನೂ ತಿಂದು ಹೊರಗೆ ಬಂದಿದೆ. ಧ್ವನಿತಂತಿನ ಕ್ಯಾನ್ಸರ್ ಬೇಗ ಗೊತ್ತಾಗುತ್ತೆ ಮರೆಪ್ಪನವರೇ. ಸಣ್ಣ ಗಂಟಾದರೂ ದನಿ ಕೆಟ್ಟುಹೋಗುತ್ತಲ್ಲ."

"ಲೈಟ್ ಕೊಟ್ರ ಹೋಗಂಗಿಲ್ಲೇನ್ರಿ?" ರೇಡಿಯೇಷನ್ನಿಗೆ ಅವರಿದ್ದ ಚಾಳಿನ ವಠಾರದಲ್ಲಿ ಎಲ್ಲರೂ ಲೈಟ್ ಎನ್ನುತ್ತಾರೆ.

"ಮೊದಲೇ ಬಂದಿದ್ರೆ ಅಷ್ಟರಲ್ಲೇ ಹೋಗ್ತಿತ್ತು, ಧ್ವನಿನೂ ಉಳೀತಿತ್ತು. ಈಗ ಧ್ವನಿಪೆಟ್ಟಿಗೇನೇ ತೆಗೀಬೇಕು. ಉಸಿರಾಡೋಕೆ ಕತ್ತಿನಲ್ಲಿ ತೂತು ಇರುತ್ತೆ. ಆಮೇಲೆ ಲೈಟ್. ಮಾತಾಡೋದನ್ನ ಬೇರೆ ಥರ ಕಲಿಸ್ತೀವಿ, ಆದರೆ ಈಗಿನ ಈ ದನಿ ಮತ್ತೆ ಬರಲ್ಲ."

ವಡಾಲ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಮರೆಪ್ಪ ಎರಡು ಲೋಕಲ್ ರೈಲು ಬಿಟ್ಟ. ಮೂರನೆಯದೂ ಹೋಯಿತು. "ಆಪರೇಷನ್ ಬ್ಯಾಡ. ಮೂಕನಾಗಿ ಬದುಕಿ ಏನ್ ಮಾಡ್ಲಿ," ಎಂದ.

ಇಂದ್ರಾಬಾಯಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. "ಹತ್ತ್ ತಿಂಗಳು ಬಾಯಿ ಇದ್ದಾಗ ನಿಜ ಹೇಳ್ಲಿಲ್ಲ. ಈಗ ದನಿ ಹೋಗ್ತದಂತ ಹೆದರ್ತೀರಿ. ನನಗ ನಿಮ್ಮ ದನಿ ಬ್ಯಾಡ್ರಿ, ನೀವು ಬೇಕು." ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಲಾವಣ್ಯಾ ಅಪ್ಪನ ತೋಳು ಹಿಡಿದುಕೊಂಡೇ ಕೂತಿದ್ದಳು. ಮುಂದಿನ ಲೋಕಲ್ ಬಂದಾಗ ಅವನು ಎದ್ದ, ಆಪರೇಷನ್ನಿಗೆ ಯಾವ ದಿನ ಕೊಡ್ತಾರಂತ ಕೇಳು ಎಂದು ಮಗಳಿಗೆ ಹೇಳಿದ.

ಆಪರೇಷನ್ನಿನ ದಿನ ಬೆಳಿಗ್ಗೆ ಏಳಕ್ಕೇ ಸ್ಟ್ರೆಚರ್ ಬಂತು. ಒಳಗೆ ಒಯ್ಯುವ ಮೊದಲು ನರ್ಸ್ ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದಳು, ಹೆಸರೇನು. ಮರೆಪ್ಪ ಎಂದ. ಜೊತೆಯಲ್ಲಿ ಯಾರಿದ್ದಾರೆ, ಹೆಸರು ಹೇಳಿ ಎಂದಳು.

ಅವರ ಕಡೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಇಪ್ಪತ್ತಾರು ವರ್ಷ ಅವನು 'ಕೇಳಿಲ್ಲಿ' ಎಂದೋ, 'ಲಾವಣ್ಯಾನ ಅವ್ವ' ಎಂದೋ ಕರೆದೇ ಸಂಸಾರ ಸಾಗಿಸಿದ್ದ. ನರ್ಸು ಪೆನ್ನು ಹಿಡಿದು ನಿಂತಿದ್ದಳು. ಮಗಳು ಹೇಳಲು ಬಾಯಿ ತೆರೆದಳು, ಅವನು ಕೈಸನ್ನೆ ಮಾಡಿ ತಡೆದ.

"ಇಂದ್ರಾ," ಎಂದ. "ಇಂದ್ರಾಬಾಯಿ."

ಅವಳು ನಾಚಿ ಸೆರಗು ತಲೆಯ ಮೇಲೆಳೆದುಕೊಂಡಳು. "ಮಂದಿ ಮುಂದ ಹೆಸರ ಹಿಡಿತೀರಲ್ಲ," ಎಂದಳು. ಸ್ಟ್ರೆಚರಿನ ಕಂಬಿ ಹಿಡಿದು ಜೊತೆಗೇ ನಡೆಯುತ್ತ, ಬಾಗಿಲ ಹತ್ತಿರ ಬಗ್ಗಿ, "ಇನ್ನೊಂದ್ಸಲ ಕರೀರಿ," ಎಂದಳು.

ಕರೆದ. ದನಿ ನಡುವೆಯೇ ಒಡೆದು, ಅರ್ಧ ಹೆಸರಷ್ಟೇ ಅವಳಿಗೆ ಕೇಳಿಸಿತು.