ಏಳೂವರೆಯ ಮಾತ್ರೆ

ನಾಲಿಗೆಯ ಕೆಳಗಿನಿಂದ ತೆಗೆದ ಥರ್ಮಾಮೀಟರನ್ನು ನರ್ಸು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದಳು. ನೂರಾಮೂರು. ಬೆಳಿಗ್ಗೆ ಎಂಟಕ್ಕೆ ಫ್ಯಾಕ್ಟರಿ ಗೇಟಿನಲ್ಲಿ ವಾಚ್‌ಮನ್ ಇದೇ ಹಣೆಗೆ ಜ್ವರದ ಗನ್ನು ಹಿಡಿದಾಗ ಹಸಿರು ದೀಪ ಹತ್ತಿತ್ತು. ಈಗ ಹನ್ನೆರಡೂಕಾಲು. ಅಷ್ಟರೊಳಗೆ ಇಷ್ಟು ಜ್ವರ ಆಕಾಶದಿಂದ ಉದುರಿತೇ?

ಮಂಚದ ಮೇಲಿದ್ದವಳು ಹೊಲಿಗೆ ಮೆಷಿನ್ನುಗಳ ಮೂರನೇ ಲೈನಿನಲ್ಲಿ ಶರ್ಟಿನ ಕಾಲರ್ ಹೊಲಿಯುವ ಹುಡುಗಿ. ಏಳು ತಿಂಗಳ ಬಸುರಿ. ಇಬ್ಬರು ಹೆಂಗಸರು ಅವಳನ್ನು ತೋಳು ಹಿಡಿದು ತಂದು ಮಲಗಿಸಿ, ಮೆಷಿನ್ನಿನಲ್ಲಿ ಪೀಸು ನಿಲ್ಲುತ್ತೆ ಎಂದು ಹಿಂತಿರುಗಿ ನೋಡದೆ ಓಡಿದ್ದರು. ಈ ಕೋಣೆ ಮೊದಲು ಗುಂಡಿಗಳ ಸ್ಟೋರ್ ಆಗಿತ್ತು. ಈಗಲೂ ಮಂಚದ ಕೆಳಗೆ ಕಸ ಗುಡಿಸಿದರೆ ಎರಡು ಗುಂಡಿಯಾದರೂ ಸಿಗುತ್ತವೆ. ನರ್ಸು ಗಡಿಯಾರ ನೋಡುತ್ತ ಹುಡುಗಿಯ ಉಸಿರು ಎಣಿಸಿದಳು. ನಿಮಿಷಕ್ಕೆ ಮೂವತ್ತೆರಡು. ತುಟಿಯ ಬಣ್ಣ ಅವಳಿಗೆ ಹಿಡಿಸಲಿಲ್ಲ.

ಯಾವಾಗಿನಿಂದ ಎಂದು ಕೇಳಿದ್ದಕ್ಕೆ ಹುಡುಗಿ ಇವತ್ತು ಬೆಳಿಗ್ಗೆಯಿಂದ ಅಂದಳು. ಬರೀ ಶೀತ ಅಂದಳು. ಈ ವಾರ ಮೂರನೇ ಲೈನಿನಿಂದ ಬಂದ ಏಳು ಜನವೂ ಇದೇ ಮಾತು ಹೇಳಿದ್ದರು. ಏಳು ಜನಕ್ಕೂ ಮೈಕೈ ಒಡೆದು ಹಾಕುವಷ್ಟು ನೋವು, ಒಣ ಕೆಮ್ಮು, ಕೆಂಡದಂಥ ಕಣ್ಣು. ಆದರೆ ಜ್ವರ ಮಾತ್ರ ಯಾರಿಗೂ ಇಲ್ಲ. ನರ್ಸಿಗೆ ಆಗಲೇ ಗುಮಾನಿ ಬರಬೇಕಿತ್ತು. ಬಂದಿರಲಿಲ್ಲ.

"ನೋಡು, ಇದು ಶೀತ ಅಲ್ಲ, ಫ್ಲೂ," ಎಂದಳು ನರ್ಸು. "ಬಸುರಿಯರಿಗೆ ಇದು ಬೇಗ ಎದೆಗೆ ಇಳಿಯುತ್ತೆ. ಇದಕ್ಕೆ ಔಷಧಿ ಇದೆ, ಆದಷ್ಟು ಬೇಗ ಶುರು ಮಾಡ್ಬೇಕು. ಎಷ್ಟು ದಿನ ಆಯ್ತು ಅಂತ ನಿಜ ಹೇಳು."

ಹುಡುಗಿ ಗೋಡೆಯ ಕಡೆ ತಿರುಗಿದಳು. "ಇವತ್ತಿಗೆ ಮೂರು ದಿನ."

ಅವಳ ಮುಷ್ಟಿಯಲ್ಲಿದ್ದ ಕರ್ಚೀಫಿನಲ್ಲಿ ಒಂದು ಗಂಟಿತ್ತು. ನರ್ಸು ಬಿಚ್ಚಿದಳು. ಅರ್ಧ ಖಾಲಿಯಾದ ಜ್ವರದ ಮಾತ್ರೆಯ ಹಾಳೆ. ಅದರ ಹಿಂಬದಿಯಲ್ಲಿ ನೀಲಿ ಪೆನ್ಸಿಲಿನ ಸಣ್ಣ ಅಡ್ಡಗೆರೆ. ಬೀರುವಿನಿಂದ ಮಾತ್ರೆ ಕಳುವಾಗುತ್ತದೆಂದು ನರ್ಸು ತಾನೇ, ತನ್ನ ಕೈಯಾರೆ, ಪ್ರತಿ ಹಾಳೆಗೂ ಹಾಕುತ್ತಿದ್ದ ಗುರುತು. ವಾರಕ್ಕೆರಡು ಹಾಳೆ ಲೈನ್ ಲೀಡರ್ ಕೈಗೆ ಕೊಡುತ್ತಿದ್ದಳು. ತಲೆನೋವು ಗಿಲೆನೋವು ಬಂದರೆ ಅಲ್ಲೇ ಇರಲಿ, ಪ್ರತಿಯೊಂದಕ್ಕೂ ಮೂರು ಮಹಡಿ ಹತ್ತಿ ಬರುವಂತಾಗಬಾರದು ಎಂದು. ಸುಲಭವಾಗಲಿ ಎಂದು. ಪಿತ್ತ ನೆತ್ತಿಗೇರಿತು. ಅದರಲ್ಲಿ ಅರ್ಧ ಸಿಟ್ಟು ತನ್ನ ಮೇಲೇ ಎಂಬುದು ಅವಳಿಗೆ ಗೊತ್ತಿತ್ತು, ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಮೂರನೇ ಲೈನಿನ ಲೀಡರಿಗೆ ಹಿಂದಿನಿಂದ ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ಕಾಲರ್ ಹುಡುಗಿಯ ಅತ್ತೆ ಆಕೆ. ಸೊಸೆಯನ್ನು ಕೆಲಸಕ್ಕೆ ಸೇರಿಸಿ, ಪಕ್ಕದ ಮೆಷಿನ್ನಿನಲ್ಲಿ ಕೂರಿಸಿಕೊಂಡು ಹೊಲಿಗೆ ಕಲಿಸಿದವಳೂ ಆಕೆಯೇ. ಹೇಳಿ ಕಳಿಸಿದ ಮೇಲೆ ಹತ್ತು ನಿಮಿಷ ಬಿಟ್ಟು ಬಂದಳು. ಕುತ್ತಿಗೆಯಲ್ಲಿ ಅಳತೆ ಟೇಪು, ಬಾಯಿಗೆ ಅಡ್ಡ ಕರ್ಚೀಫು. ನರ್ಸು ಮಾತ್ರೆಯ ಹಾಳೆಯನ್ನು ಆಕೆಯ ಮುಂದೆ ಹಿಡಿದಳು.

ಗಡಿಯಾರ ಮುಚ್ಚುಮರೆ ಮಾಡಲಿಲ್ಲ. ಬಸ್ ಸ್ಟಾಪಿನಲ್ಲಿ ಏಳೂವರೆಗೆ, ಮೈ ಬಿಸಿ ಇದ್ದವರಿಗೆಲ್ಲ ಒಂದೊಂದು ಮಾತ್ರೆ ತಾನೇ ಕೊಡುತ್ತೇನೆ ಎಂದಳು. ಎಂಟಕ್ಕೆ ಗೇಟು. ಅರ್ಧ ಗಂಟೆಯಲ್ಲಿ ಹಣೆ ತಣ್ಣಗಾಗುತ್ತದೆ, ಆಗದಿದ್ದವರು ಕ್ಯೂನಲ್ಲಿ ಹಿಂದೆ ನಿಲ್ಲುತ್ತಾರೆ. ಹೇಳುವಾಗ ಆಕೆಯ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಇಷ್ಟೆಲ್ಲ ಯಾತಕ್ಕೆ? ಕ್ಯಾಂಟೀನಿನ ಗೋಡೆಯ ಮೇಲೊಂದು ಬೋರ್ಡಿದೆ. ಸತತ ಐವತ್ತು ದಿನ ಯಾರೊಬ್ಬರೂ ಗೈರುಹಾಜರಾಗದ ಲೈನಿಗೆ ಬಹುಮಾನ. ಮೂರನೇ ಲೈನಿನ ಮುಂದೆ ಇವತ್ತು ನಲವತ್ತೊಂದು ಎಂದು ಬರೆದಿತ್ತು. ಬಹುಮಾನ ಏನೆಂದರೆ, ಇಡೀ ಲೈನಿಗೆ ಒಂದು ದಿನ ರಜೆ. ಇದನ್ನು ಯೋಚಿಸಿದ ಪುಣ್ಯಾತ್ಮ ಯಾರೋ, ಅವನು ಮಾತ್ರ ನೆಗಡಿಯಾದರೂ ಮೂರು ದಿನ ಮನೆಯಲ್ಲಿ ಹೊದ್ದು ಮಲಗುವವನೇ ಇರಬೇಕು.

ಫ್ಲೂ ಕಾಲ ಶುರುವಾಗುವ ಮೊದಲೇ ಎಲ್ಲರಿಗೂ, ಮುಖ್ಯವಾಗಿ ಬಸುರಿಯರಿಗೆ, ಲಸಿಕೆ ಹಾಕಿಸಿ ಎಂದು ನರ್ಸು ಮ್ಯಾನೇಜರಿಗೆ ಎರಡು ಸಲ ಬರೆದಿದ್ದಳು. ಲಸಿಕೆ ಬರಲಿಲ್ಲ, ಪೋಸ್ಟರು ಬಂತು. ಮೂರು ಡಜನ್, ಹೊಳೆಯುವ ಕಾಗದದ್ದು. ಸೋಪು ಹಚ್ಚಿ ಕೈ ತೊಳೆಯಿರಿ ಎಂಬ ಆ ಪೋಸ್ಟರು ಅಂಟಿಸಿದ ನಲ್ಲಿಯ ಹತ್ತಿರ ಸೋಪಿಲ್ಲದೆ ತಿಂಗಳಾಗಿತ್ತು.

"ಇವಳನ್ನ ಈಗಲೇ ದೊಡ್ಡಾಸ್ಪತ್ರೆಗೆ ಕಳಿಸ್ತಿದೀನಿ," ಎಂದಳು ನರ್ಸು. "ನೀವೂ ಜೊತೆಗೆ ಹೋಗಿ."

ಗಡಿಯಾರ ಸೊಸೆಯನ್ನು ನೋಡಿದಳು, ಗೋಡೆಯ ಗಡಿಯಾರವನ್ನು ನೋಡಿದಳು. ನಾಲ್ಕು ಗಂಟೆಗೆ ಮೊದಲು ಗೇಟು ದಾಟಿದರೆ ಅವತ್ತು ಗೈರುಹಾಜರಿ. ಅದು ಎಲ್ಲರಿಗೂ ಗೊತ್ತಿದ್ದ ನಿಯಮ.

"ನರ್ಸಮ್ಮ, ನಾಲ್ಕರ ತನಕ ಇಲ್ಲೇ ಮಲಗಿರ್ಲಾ? ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ. ನಲವತ್ತು ಜನದ ಶ್ರಮ ಇದೆ ಇದರಲ್ಲಿ."

ಒಂದು ಕ್ಷಣ ನರ್ಸಿಗೆ ಆಕೆಯ ಕೆನ್ನೆಗೆ ಬಾರಿಸಬೇಕೆನ್ನಿಸಿತು. ನಿಜವಾಗಿಯೂ ಅನ್ನಿಸಿತು, ಕೈ ಬಿಸಿಯಾಯಿತು.

"ನಾಲ್ಕರ ತನಕ ಇವಳು ಉಸಿರಾಡ್ಬೇಕಲ್ಲ," ಎಂದಳು. "ಆ ಉಸಿರು ಎಣಿಸಿ. ಶರ್ಟು ಎಣಿಸ್ತೀರಲ್ಲ, ಹಾಗೇ ಎಣಿಸಿ."

ಗಡಿಯಾರ ಮಂಚದ ಪಕ್ಕ ಕುಕ್ಕರಿಸಿದಳು. ಹದಿನೈದು, ಹದಿನಾರು ಎಂದು ತುಟಿ ಅಲುಗುತ್ತಿತ್ತು. ನಡುವೆ ಕೆಮ್ಮು ಬಂತು. ಕರ್ಚೀಫು ಒತ್ತಿಕೊಂಡರೂ ನಿಲ್ಲದ ಕೆಮ್ಮು. ನರ್ಸು ಬಗ್ಗಿ ಆಕೆಯ ಹಣೆಯ ಮೇಲೆ ಕೈಯಿಟ್ಟಳು. ಕಾದ ಇಸ್ತ್ರಿಪೆಟ್ಟಿಗೆಯ ಹಾಗಿತ್ತು.

"ನಿಮಗೆ ಎಷ್ಟು ದಿನದಿಂದ?"

"ಐದು."

ಮನೆಯಲ್ಲಿ ಯಾರಿಗೆ ಮೊದಲು ಬಂತು ಎಂದು ನರ್ಸು ಕೇಳಲಿಲ್ಲ. ಅಗತ್ಯವಿರಲಿಲ್ಲ. ಗಡಿಯಾರ ಸೊಸೆಯ ಕಾಲಿನ ಹತ್ತಿರ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ಐದರಲ್ಲಿ ಮೂರು ಕಳೆದರೆ ಎಷ್ಟು ಎಂಬುದು ಆಕೆಗೂ ಬರುತ್ತಿತ್ತು.

"ಲಸಿಕೆ ಹಾಕಿಸ್ಕೋತೀನಿ, ರಜೆ ಹಾಕಿ ಆಸ್ಪತ್ರೆಗೆ ಹೋಗ್ಬರ್ತೀನಿ ಅಂದಿದ್ಲು," ಎಂದಳು ಆಕೆ ನೆಲ ನೋಡುತ್ತ. "ನಾನೇ ಬೇಡ ಅಂದೆ. ಹೊಟ್ಟೇಲಿರೋದಕ್ಕೆ ಸೂಜಿ ಆಗಲ್ಲ ಅಂದೆ. ಬೇಡ ಅಂದಿದ್ದು ಸೂಜಿಗಲ್ಲ ನರ್ಸಮ್ಮ. ಅವತ್ತು ಬೋರ್ಡಿನಲ್ಲಿ ಹದಿನೆಂಟನೇ ದಿನ ಆಗಿತ್ತು."

ಫ್ಯಾಕ್ಟರಿಯ ವ್ಯಾನು ಕೇಳಿದ್ದಕ್ಕೆ ಮ್ಯಾನೇಜರು, ಅದು ಸ್ಯಾಂಪಲ್ ಶರ್ಟುಗಳಿಗೆ ಬೇಕು ಅಂದರು. ನರ್ಸು ಫೋನಿಟ್ಟು ಕೆಳಗಿಳಿದು ಹೋಗಿ, ವ್ಯಾನಿನೊಳಗಿದ್ದ ಸ್ಯಾಂಪಲ್ ಪೆಟ್ಟಿಗೆಗಳನ್ನು ಒಂದೊಂದಾಗಿ ನೆಲಕ್ಕಿಳಿಸಿದಳು. ಎರಡನೇ ಪೆಟ್ಟಿಗೆಗೆ ಡ್ರೈವರೂ ಕೈ ಹಚ್ಚಿದ. ಹನ್ನೆರಡೂ ಮುಕ್ಕಾಲಿಗೆ ವ್ಯಾನು ಅತ್ತೆ ಸೊಸೆಯರನ್ನು ಹತ್ತಿಸಿಕೊಂಡು ಗೇಟು ದಾಟಿತು. ಒಂದಕ್ಕೆ ಕ್ಯಾಂಟೀನಿನ ಬೋರ್ಡಿನಲ್ಲಿ ಯಾರೋ ನಲವತ್ತೊಂದನ್ನು ಒರೆಸಿ ಸೊನ್ನೆ ಬರೆದಿದ್ದರು. ಆ ಕೆಲಸಕ್ಕೆ ಮಾತ್ರ ಯಾರೂ ತಡ ಮಾಡಲಿಲ್ಲ.

ಸಂಜೆ ಆಸ್ಪತ್ರೆಯಿಂದ ಫೋನು ಬಂತು. ನ್ಯುಮೋನಿಯಾ ಶುರುವಾಗಿದೆ, ಆಕ್ಸಿಜನ್ ಹಾಕಿದ್ದಾರೆ, ಫ್ಲೂ ಔಷಧಿಯೂ ಶುರುವಾಗಿದೆ. ಮಗುವಿನ ಎದೆಬಡಿತ ಸರಿಯಾಗಿದೆ. ಎರಡು ದಿನ ಕಳೆಯದೆ ಏನೂ ಹೇಳುವ ಹಾಗಿಲ್ಲ. ನರ್ಸು ಬೀರು ತೆರೆದು, ನೀಲಿ ಗೆರೆಯ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರವಿ, ಒಂದೊಂದಾಗಿ ಎಣಿಸಿದಳು.

ಮರುದಿನ ಎಂಟಕ್ಕೆ ಗೇಟಿನಲ್ಲಿ ಗದ್ದಲ ಕೇಳಿ ಇಳಿದು ಬಂದಳು. ಮೂರನೇ ಲೈನಿನ ಹೆಂಗಸರು ಕಾಂಪೌಂಡಿನ ಹೊರಗೆ, ಒಬ್ಬರಿಂದೊಬ್ಬರು ಮಾರು ದೂರ, ಮೂಗು ಬಾಯಿ ಕಟ್ಟಿಕೊಂಡು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಗಡಿಯಾರ, ನಿನ್ನೆಯದೇ ಬಟ್ಟೆಯಲ್ಲಿ. ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು.

ನರ್ಸಿಗೆ ರೇಗಿತು. ಜ್ವರ ಇಟ್ಟುಕೊಂಡು ಮನೆ ಬಿಟ್ಟು ಯಾಕೆ ಬಂದಿರಿ, ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲವೇ ಎಂದು ಅಲ್ಲಿಂದಲೇ ಗದರಿದಳು.

"ಮನೇಲಿದ್ರೆ ಹೇಳದೆ ಕೇಳದೆ ರಜೆ ಹಾಕಿದ್ರು ಅಂತ ಬರ್ಕೋತಾರೆ," ಎಂದಳು ಗಡಿಯಾರ. ದನಿ ಪೂರ್ತಿ ಕೂತುಹೋಗಿತ್ತು. "ಇವತ್ತು ಯಾರಿಗೂ ಮಾತ್ರೆ ಕೊಟ್ಟಿಲ್ಲ. ಜ್ವರ ಅಂತ ಅವರ ಕೈಯಿಂದಾನೇ ಬರೀಲಿ. ಬರೆದ ಮೇಲೆ ಹೋಗ್ತೀವಿ."

ಆಕೆ ಹಣೆ ಮುಂದೆ ಚಾಚಿದಳು. ವಾಚ್‌ಮನ್ ಗನ್ನು ಹಿಡಿದ. ಕೆಂಪು. ರಿಜಿಸ್ಟರಿನಲ್ಲಿ ಜ್ವರ ಎಂದು ಬರೆದ. ಆಕೆ ಅದನ್ನು ಓದಿ ನೋಡಿ ಪಕ್ಕಕ್ಕೆ ಸರಿದಳು. ಆಕೆಯ ಹಿಂದಿನವಳಿಗೆ ಕೆಂಪು. ಅವಳ ಹಿಂದಿನವಳಿಗೂ ಕೆಂಪು. ಶರ್ಟಿನ ತೋಳು ಹೊಲಿಯುವವಳಿಗೆ ಕೆಂಪು, ಗುಂಡಿ ಹಾಕುವವಳಿಗೆ ಕೆಂಪು. ಹನ್ನೊಂದನೆಯವಳಿಗೂ ದೀಪ ಕೆಂಪಾದಾಗ ವಾಚ್‌ಮನ್ ಗನ್ನನ್ನು ಅಂಗೈಗೆ ಕುಟ್ಟಿದ, ಅದರ ಗಾಜನ್ನು ಅಂಗಿಗೆ ಒರೆಸಿದ. ಕೆಟ್ಟಿರಬೇಕೆಂದು ತನ್ನ ಹಣೆಗೇ ತಿರುಗಿಸಿ ಒತ್ತಿದ.

ಹಸಿರು.

ಸಾಲಿನಲ್ಲಿ ಯಾರೋ ಕೆಮ್ಮಿದರು. ಅವನು ರಿಜಿಸ್ಟರಿನ ಹಾಳೆ ತಿರುವಿ, ಹೊಸ ಪುಟದ ಮೇಲೆ ಪೆನ್ನು ಇಟ್ಟ.