ಬಿಸ್ಮಿಲ್ಲಾಬೀಯ ಹೆಪ್ಪು

ಎಪ್ಪತ್ತು ದಾಟಿದ ಮೇಲೆ ಸಖುಬಾಯಿಗೆ ಅವಳ ಹೊಟ್ಟೆಯೇ ವೈರಿಯಾಯಿತು. ಒಂದು ದಿನ ಭೇದಿಯಾದರೆ ಮೂರು ದಿನ ಕಟ್ಟು. ಮಗ ಹಣಮಂತಪ್ಪ ಭಾಲ್ಕಿ ದಾಟಿ ಬೀದರಿನವರೆಗೂ ಕರೆದೊಯ್ದು ತೋರಿಸಿದ. ವಯಸ್ಸಾದಂತೆ ಹೊಟ್ಟೆಯೊಳಗಿನ ಒಳ್ಳೆಯ ಕ್ರಿಮಿಗಳು ಕಡಿಮೆಯಾಗುತ್ತವೆ, ದಿನಾ ಮೊಸರು ಕೊಡಿ ಎಂದರು ಡಾಕ್ಟರರು. ಹೊಟ್ಟೆಯಲ್ಲಿ ಹುಳ ಸಾಕುವ ಮಾತು ಕೇಳಿ ಮುದುಕಿ ದಾರಿಯುದ್ದಕ್ಕೂ ನಕ್ಕಳು.

ಮನೆಯ ಮೊಸರು ಒಗ್ಗಲಿಲ್ಲ. ಪಕ್ಕದ ಮನೆಯಲ್ಲಿ ಹತ್ತಿ ಹಿಂಜುವ ಖಾಸಿಂ ಅಲಿಯ ಹೆಂಡತಿ ಬಿಸ್ಮಿಲ್ಲಾಬೀ ಕೊಟ್ಟ ಹೆಪ್ಪಿನ ಮೊಸರು ಮಾತ್ರ ಒಗ್ಗಿತು. ಸೊಸೆಯ ಕೈಯಲ್ಲಿ ಆ ಹೆಪ್ಪು ಎರಡು ದಿನಕ್ಕೇ ಕೆಡುತ್ತಿದ್ದರಿಂದ ಬಿಸ್ಮಿಲ್ಲಾಬೀ ದಿನಾ ಮುಂಜಾನೆ ಗೋಡೆಯ ಮೇಲಿಂದ ಬಟ್ಟಲು ದಾಟಿಸುತ್ತಿದ್ದಳು. ದೀಪ ಹಚ್ಚಿದ ಮೇಲೆ ಮಾತ್ರ ಕೊಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಹೆಪ್ಪು ಹೊಸ್ತಿಲು ದಾಟಿದರೆ ಮನೆಯ ಭಾಗ್ಯವೂ ಅದರ ಹಿಂದೆ ಹೋಗುತ್ತದೆಂದು ಇಬ್ಬರೂ ನಂಬಿದ್ದರು.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಭಾರತದ ಮಿಲಿಟರಿ ಬಂತು, ನಿಜಾಮ ಶರಣಾದ. ನಿಜಾಮನ ಹೆಸರಲ್ಲಿ ಊರೂರು ಸುಲಿದಿದ್ದ ರಜಾಕಾರರು ಓಡಿಹೋಗಿದ್ದರು. ಅವರ ಮೇಲಿನ ಸಿಟ್ಟನ್ನು ಜನ ಓಡದೆ ಊರಲ್ಲೇ ಉಳಿದ ಮುಸ್ಲಿಮರ ಮೇಲೆ ತೀರಿಸಿಕೊಂಡರು. ಖಾಸಿಂ ಅಲಿಯನ್ನು ಹಾಡಹಗಲೇ ಎಳೆದೊಯ್ದರು.

ಅಂದು ಸಂಜೆ ಸಖುಬಾಯಿ ಆಗಷ್ಟೇ ದೀಪ ಹಚ್ಚಿದ್ದಳು. ಹಿತ್ತಲ ಬಾಗಿಲಲ್ಲಿ ಬಿಸ್ಮಿಲ್ಲಾಬೀ ನಿಂತಿದ್ದಳು, ಸೆರಗಿನಡಿ ಮೊಸರಿನ ಗಡಿಗೆ.

"ಸಖುಬಾಯಕ್ಕ, ಕಣಜದ ಹಿಂದ ನನ್ನ ಒಂದಿನ ಇಟ್ಕೋರಿ. ನಿಮ್ಮ ಹೊಟ್ಟಿಗಿ ಬೇಕಾಗ್ತದಂತ ಇದೂ ತಂದೀನ್ರಿ."

ಹಣಮಂತಪ್ಪ ನೆಲ ನೋಡಿದ. ಸಖುಬಾಯಿಗೆ ಹೆದರಿಕೆಯಾಗಿತ್ತು, ಅದು ಸುಳ್ಳಲ್ಲ. ಆದರೆ ಕಣ್ಣು ಹೋದದ್ದು ಗಡಿಗೆಯ ಕಡೆಗೆ, ಅದೂ ಸುಳ್ಳಲ್ಲ.

"ಗಡಿಗಿ ಇಟ್ಟು ಹೋಗವ್ವ. ನಿನ್ನ ಇಟ್ಕೊಂಡ್ರ ನಮ್ಮನ್ನೂ ಬಿಡಂಗಿಲ್ಲ ಅವ್ರು."

ಬಿಸ್ಮಿಲ್ಲಾಬೀ ಮೊಸರು ಕದಡದಂತೆ ಗಡಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಹೋದಳು. ಮೂರನೆಯ ದಿನ ಊರಾಚೆಯ ಹೊಲದ ಬಾವಿಯಲ್ಲಿ ಸಿಕ್ಕಳು.

ಆ ಗಡಿಗೆಯನ್ನು ಸಖುಬಾಯಿ ಸೊಸೆಗೆ ಮುಟ್ಟಗೊಡಲಿಲ್ಲ. ಎರಡು ದಿನ ತಾನೂ ಮೊಸರು ಮುಟ್ಟಲಿಲ್ಲ. ಮೂರನೆಯ ದಿನ ಹೊಟ್ಟೆ ಹಿಂಡಿತು, ತಿಂದಳು. ನಾಚಿಕೆಗೇಡಿ ಹೊಟ್ಟೆ, ಅಂದೇ ಸುಮ್ಮನಾಯಿತು. ಮುಂದೆ ದಿನಾ ತಾನೇ ಅದೇ ಹೆಪ್ಪು ಹಾಕಿಕೊಂಡು ಹನ್ನೊಂದು ವರ್ಷ ಬದುಕಿದಳು.

ಮುದುಕಿ ಇಷ್ಟು ಗಟ್ಟಿಯಾಗಿರುವುದು ಆ ಮೊಸರಿನಿಂದಲೇ ಎಂದು ಊರಲ್ಲಿ ಮಾತಾಯಿತು. ಒಂದು ಮುಂಜಾನೆ ಕೆಳಗಿನ ಓಣಿಯ ಜನಾಬಾಯಿ ತನ್ನ ಅತ್ತೆಗೆಂದು ಬಟ್ಟಲು ಹಿಡಿದು ಬಂದಳು.

"ಯಾರ ಮನಿ ಹೆಪ್ಪರಿ ಇದು?"

ಸಖುಬಾಯಿ ಚಮಚದಲ್ಲಿ ಹೆಪ್ಪು ತೆಗೆದು ಅವಳ ಬಟ್ಟಲಿಗೆ ಹಾಕಿದಳು.

"ನಮ್ದೇ," ಎಂದಳು.